ಬಾಯಿಮಾತು, ಬರೆದ ಮಾತು

(ಮೊದಲು ಓದಿರಿ: ಯೆರೆಮೀಯ 32:6-15, ಮತ್ತಾಯ 5:33-37)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಮನೆಗಳಲ್ಲಿ ಬಹಳಷ್ಟು ವ್ಯವಹಾರ ಬಾಯಿಮಾತಿನಲ್ಲೇ ನಡೆಯುತ್ತದೆ. ಅಡಿಕೆ ಫಸಲಿನ ಗುತ್ತಿಗೆ, ತೋಟದ ಕೂಲಿ, ಮೇಸ್ತ್ರಿಗೆ ಕೊಡುವ ಮುಂಗಡ, ಎಲ್ಲಕ್ಕೂ 'ಆಯ್ತು' ಎಂಬ ಒಂದು ಮಾತೇ ಆಧಾರ. ಇದು ಒಳ್ಳೆಯ ರೂಢಿಯೇ. ಆದರೆ ಇಂಥ ಮನೆಯ ಹುಡುಗನೊಬ್ಬ ಚೆನ್ನಾಗಿ ಫುಟ್‌ಬಾಲ್ ಆಡುತ್ತಾನೆ ಎನ್ನಿ. 'ಬೆಂಗಳೂರಿಗೆ ಬಾ, ಊಟ, ವಸತಿ, ಸಂಬಳ ಎಲ್ಲ ನೋಡಿಕೊಳ್ಳುತ್ತೇವೆ' ಎಂದು ಯಾವುದೋ ಕ್ಲಬ್ಬಿನಿಂದ ಫೋನ್ ಬರುತ್ತದೆ. ಆ ಮಾತನ್ನು ತಂದೆತಾಯಿ ಎಷ್ಟು ನಂಬಬೇಕು? ಹುಡುಗ ತಾನು ಕೊಟ್ಟ ಮಾತಿಗೆ ಎಷ್ಟು ಬದ್ಧ?

ಮೊದಲು ನಿಯಮ ತಿಳಿಯೋಣ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಿಂಧುವಾಗಬಲ್ಲದು. ಜಗಳ ಬಂದಾಗ ಅದನ್ನು ರುಜುವಾತುಪಡಿಸುವುದೇ ಕಷ್ಟ. 18 ವರ್ಷ ತುಂಬದವನು ತಾನೇ ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಫುಟ್‌ಬಾಲಿನಲ್ಲಿ ಇನ್ನೂ ಒಂದು ಕಟ್ಟಳೆಯಿದೆ. ವಿಶ್ವ ಸಂಸ್ಥೆಯಾದ ಫಿಫಾದ ನಿಯಮದಂತೆ, ಲಿಖಿತ ಕರಾರು ಇದ್ದು, ಆಟಕ್ಕೆ ತಗಲುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ಮಾತ್ರ ವೃತ್ತಿಪರ ಆಟಗಾರ. ಕಾಗದವಿಲ್ಲದಿದ್ದರೆ, ಎಷ್ಟೇ ದುಡಿದರೂ, ಆ ಲೆಕ್ಕದಲ್ಲಿ ಅವನು ಹವ್ಯಾಸಿಯೇ.

ಬಾಯಿಮಾತು ಎಷ್ಟು ಬೇಗ ಮುರಿಯುತ್ತದೆ ಎನ್ನುವುದಕ್ಕೆ 2013ರ ಆಗಸ್ಟ್‌ನಲ್ಲಿ ನಡೆದದ್ದು ನಿದರ್ಶನ. ಬ್ರೆಜಿಲಿನ ಆಟಗಾರ ವಿಲಿಯನ್ ಲಂಡನ್ನಿನ ಟೊಟೆನ್‌ಹ್ಯಾಮ್ ಕ್ಲಬ್ಬಿನಲ್ಲಿ ವೈದ್ಯಕೀಯ ಪರೀಕ್ಷೆಯನ್ನೂ ಮುಗಿಸಿದ್ದರು. ಸಹಿ ಬಿದ್ದಿರಲಿಲ್ಲ. ಅಷ್ಟರಲ್ಲಿ ಚೆಲ್ಸಿ ಕ್ಲಬ್ ಕರೆಯಿತು. ಅವರು ಅಲ್ಲಿಗೇ ಸೇರಿದರು.

ಹಾಗಾದರೆ ಸಹಿ ಬಿದ್ದ ಮೇಲೆ ಎಲ್ಲವೂ ಭದ್ರವೇ? ನಮ್ಮ ದೇಶದ ಅನ್ವರ್ ಅಲಿಯವರ ಪ್ರಕರಣ ನೋಡಿ. ಅವರು ಡೆಲ್ಲಿ ಎಫ್‌ಸಿಯಿಂದ ಹಲವು ವರ್ಷಗಳ ಎರವಲು ಕರಾರಿನ ಮೇಲೆ ಮೋಹನ್ ಬಗಾನ್‌ಗೆ ಆಡುತ್ತಿದ್ದರು. 2024ರಲ್ಲಿ ಆ ಕರಾರನ್ನು ನಡುವೆಯೇ ಮುರಿದು ಈಸ್ಟ್ ಬೆಂಗಾಲ್ ಸೇರಿದರು. ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ ಅವರಿಗೆ 4 ತಿಂಗಳ ನಿಷೇಧ ಹಾಕಿ, ಅವರೂ ಎರಡು ಕ್ಲಬ್ಬುಗಳೂ ಸೇರಿ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋದಾಗ ಆ ಆದೇಶ ಹಿಂದಕ್ಕೆ ಹೋಗಿ ಮರುವಿಚಾರಣೆಯ ಮಾತು ಬಂತು. ತಪ್ಪು ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಬರೆದ ಮಾತನ್ನು ಉಳಿಸುವುದೂ ಕಾಗದವಲ್ಲ, ಮನುಷ್ಯನೇ ಎಂಬುದನ್ನು ಮಾತ್ರ ಗಮನಿಸೋಣ.

ಇಲ್ಲಿ ಪವಿತ್ರ ಗ್ರಂಥ ನಮಗೆ ಎರಡು ದೀಪಗಳನ್ನು ಹಿಡಿಯುತ್ತದೆ. ಹೌದು ಎಂದರೆ ಹೌದಾಗಿರಬೇಕು, ಆಣೆಯೂ ಬೇಡ ಎಂದು ಯೇಸುಸ್ವಾಮಿ ಕಲಿಸಿದರು. ಆದ್ದರಿಂದ ಸಹಿ ಬಿದ್ದಿಲ್ಲ ಎಂಬುದು ನ್ಯಾಯಾಲಯಕ್ಕೆ ಉತ್ತರವಾದೀತು, ಮನಸ್ಸಾಕ್ಷಿಗಲ್ಲ. ಇನ್ನೊಂದೆಡೆ ಪ್ರವಾದಿ ಯೆರೆಮೀಯನನ್ನು ನೋಡಿ. ದೇವರ ವಾಕ್ಯವನ್ನೇ ಸಾರುತ್ತಿದ್ದವನು ಸ್ವಂತ ಬಂಧುವಿನಿಂದ ಹೊಲ ಕೊಂಡಾಗ 17 ತೊಲ ಬೆಳ್ಳಿಯನ್ನು ತೂಗಿ ಕೊಟ್ಟ, ಪತ್ರ ಬರೆದ, ಮುದ್ರೆ ಹಾಕಿದ, ಸಾಕ್ಷಿಗಳಿಂದ ಸಹಿ ಮಾಡಿಸಿದ, ಪತ್ರಗಳನ್ನು ಮಣ್ಣಿನ ಮಡಕೆಯಲ್ಲಿ ಜೋಪಾನವಾಗಿ ಇಡಿಸಿದ. ಅದು ಬಂಧುವಿನ ಮೇಲಿನ ಅಪನಂಬಿಕೆಯಲ್ಲ. ಮುಂದೆ ಯಾರಿಗೂ ಅನ್ಯಾಯವಾಗದಿರಲಿ ಎಂಬ ಎಚ್ಚರ. ಬರಹ ಹೆಚ್ಚಾಗಿ ಕಾಯುವುದು ಬಡವನನ್ನೇ. ಉಳ್ಳವನಿಗೆ ವಕೀಲರಿದ್ದಾರೆ, ಬಡವನಿಗೆ ಆ ಒಂದು ಹಾಳೆಯಷ್ಟೇ.

ಮಾತು ಕೊಟ್ಟವನು ಎಲ್ಲವನ್ನೂ ಸಹಿಸಬೇಕೆ? ಇಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥ (2410) ಕರಾರನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಹೇಳುವಾಗಲೇ, ಆ ಕರಾರು ನ್ಯಾಯವಾಗಿರಬೇಕೆಂದೂ ಸೇರಿಸುತ್ತದೆ. ಫಿಫಾ ನಿಯಮವೂ ಇದಕ್ಕೆ ಹೊಂದುತ್ತದೆ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ, ಕನಿಷ್ಠ 15 ದಿನಗಳ ಲಿಖಿತ ನೋಟಿಸು ಕೊಟ್ಟು, ಆಗಲೂ ಕೊಡದಿದ್ದರೆ ಆಟಗಾರ ಕರಾರಿನಿಂದ ಹೊರಬರಬಹುದು. ಹೇಳದೆ ಓಡಿಹೋಗುವುದಲ್ಲ, ತಿಳಿಸಿ ಹೊರಡುವುದು.

ಆದ್ದರಿಂದ ತಂದೆತಾಯಿಗಳೇ, ಮಗನನ್ನು ಕಳಿಸುವ ಮುಂಚೆ ಸಂಬಳ, ಅವಧಿ, ಗಾಯವಾದರೆ ಚಿಕಿತ್ಸೆ, ಓದು, ಇವನ್ನು ಬರೆಸಿಕೊಳ್ಳಿ. ಒಂದು ಪ್ರತಿ ಮನೆಯಲ್ಲಿರಲಿ. 18 ತುಂಬದ ಆಟಗಾರನ ಕರಾರು 3 ವರ್ಷ ಮೀರಬಾರದು ಎನ್ನುತ್ತದೆ ಫಿಫಾ ನಿಯಮ. ಓದದೆ ಸಹಿ ಬೇಡ. ಒಂದೇ ಅವಧಿಗೆ ಎರಡು ಕ್ಲಬ್ಬುಗಳಿಗೆ ಮಾತು ಕೊಡಬಾರದೆಂದು ಮಗನಿಗೂ ಹೇಳಿ. ನಮ್ಮ ತೋಟದ ಆಳಿಗೆ ನಾವು ಹೇಳಿದ ಕೂಲಿಯನ್ನು ನಾವು ತಪ್ಪದೆ ಕೊಡುವುದನ್ನು ನೋಡಿ ಬೆಳೆದ ಮಗನಿಗೆ ಈ ಪಾಠ ಸುಲಭ.

ಮನೆಯಲ್ಲಿ ಚರ್ಚಿಸಲು:
1. ನಾವು ಬಾಯಿಮಾತಿನಲ್ಲಿ ಒಪ್ಪಿ ಇನ್ನೂ ತೀರಿಸದ ಬಾಕಿ ಯಾವುದಾದರೂ ಇದೆಯೇ?
2. 'ನಮ್ಮವರೇ ತಾನೆ' ಎಂದು ಬರೆಯದೆ ಬಿಟ್ಟ ಯಾವ ವ್ಯವಹಾರ ಮುಂದೆ ಜಗಳಕ್ಕೆ ಕಾರಣವಾದೀತು?
3. ಮಾತು ಉಳಿಸಿಕೊಂಡದ್ದರಿಂದ ನಷ್ಟವಾದಾಗ ಮಕ್ಕಳಿಗೆ ನಾವು ಏನು ಹೇಳುತ್ತೇವೆ? (ಕೀರ್ತನೆ 15 ಓದಿರಿ.)