ನಿಮ್ಮ ಪರವಾಗಿ ಮಾತಾಡುವವರು ಯಾರು?

ಜಯನಗರ, ಜೆ.ಪಿ. ನಗರದ ಯಾವ ಪಾರ್ಕಿಗೆ ವಾಕಿಂಗ್ ಹೋದರೂ ಮಗನನ್ನೋ ಮಗಳನ್ನೋ ಆಸ್ಟ್ರೇಲಿಯಾಕ್ಕೆ ಕಳಿಸಲು ಹೊರಟವರು ಸಿಗುತ್ತಾರೆ. ನಾನು ಮೆಲ್ಬರ್ನ್‌ನಿಂದ ಜಯನಗರಕ್ಕೆ ಮರಳಿದ ಮೇಲೆ ಅವರು ಕೇಳುವುದೆಲ್ಲ ವೀಸಾದ ಬಗ್ಗೆ: 65 ಅಂಕ ಸಾಕೇ? 189 ಒಳ್ಳೆಯದೋ, 190 ಒಳ್ಳೆಯದೋ? ಅದನ್ನು ಬಿ.ಟಿ.ಎಂ. ಲೇಔಟಿನ ಕನ್ಸಲ್ಟೆಂಟ್ ಹೇಳಿಯಾರು. ನನಗೆ ಹೇಳಬೇಕೆನಿಸುವುದು ವಿಮಾನ ಇಳಿದ ಮೇಲಿನ ಮಾತು.

ಅಲ್ಲಿ ರೆಸ್ಯೂಮೆಯಲ್ಲಿ ಫೋಟೊ, ಹುಟ್ಟಿದ ದಿನ, ಮದುವೆಯ ವಿವರ ಯಾವುದೂ ಬೇಡ. ಬೇಕಾದದ್ದು ಇಬ್ಬರು ರೆಫರಿಗಳು, ಅಂದರೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು. ಸಂದರ್ಶನ ಚೆನ್ನಾಗಿ ಆದರೂ, ಅವರಿಗೆ ಫೋನ್ ಮಾಡಿ ಮಾತಾಡಿದ ಮೇಲೇ ಬಹುಪಾಲು ಕಡೆ ಆಫರ್ ಬರುವುದು. 'ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ?' ಎಂಬ ಪ್ರಶ್ನೆ ನಮ್ಮವರನ್ನು ಬಹಳ ನೋಯಿಸುತ್ತದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದದ್ದಕ್ಕೆ ಬೆಲೆಯೇ ಇಲ್ಲವೇ ಎನಿಸುತ್ತದೆ. ಆ ಪ್ರಶ್ನೆಯ ಹಿಂದಿರುವ ಚಿಂತೆ ನನಗೆ ನಿಧಾನವಾಗಿ ತಿಳಿಯಿತು: ಇವರ ಬಗ್ಗೆ ಈ ಊರಿನಲ್ಲಿ ಯಾರನ್ನು ಕೇಳಲಿ?

ಹಾಗಾಗಿ ಕೆಲಸಕ್ಕಿಂತ ಮೊದಲು ಅಂಥ ಒಬ್ಬರನ್ನು ಸಂಪಾದಿಸಬೇಕು. ನಾನಿದ್ದದ್ದು ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್‌ನಲ್ಲಿ. ಹತ್ತಿರದ ಸಮುದಾಯ ಕೇಂದ್ರವೊಂದರಲ್ಲಿ ವಯಸ್ಸಾದವರಿಗೆ ಮೊಬೈಲು, ಕಂಪ್ಯೂಟರು ಹೇಳಿಕೊಡುವ ಸೇವೆಗೆ ಸೇರಿದೆ. ಹೇಳಿದ ಹೊತ್ತಿಗೆ ಹೋದೆ, ಒಪ್ಪಿಕೊಂಡದ್ದನ್ನು ಮುಗಿಸಿದೆ. ಅಲ್ಲಿನ ಮೇಲ್ವಿಚಾರಕಿ ನನ್ನ ಮೊದಲ ರೆಫರಿಯಾದರು. ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಸಿಕ್ಕಿದ್ದು ಅವರ ಮಾತಿನಿಂದ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಎಲೆ ಹಾಕಿ ಬಡಿಸಿದ್ದೂ ವ್ಯರ್ಥವಾಗಲಿಲ್ಲ. ಯಾವ ಆಫೀಸಿನಲ್ಲಿ ಜಾಗ ಖಾಲಿಯಾಗುತ್ತಿದೆ ಎಂಬ ಸುದ್ದಿ 'ಸೀಕ್' ಎಂಬ ಉದ್ಯೋಗ ತಾಣಕ್ಕೆ ಬರುವ ಮೊದಲೇ ಅಂಥ ಕಡೆ ಕಿವಿಗೆ ಬೀಳುತ್ತದೆ.

ಎರಡನೆಯ ಪಾಠ ಫೋನಿನದು. ಎಷ್ಟೋ ಜಾಹೀರಾತುಗಳ ಕೊನೆಯಲ್ಲಿ ಒಂದು ಹೆಸರು, ನಂಬರು ಇರುತ್ತದೆ. ನಮಗೆ ಅದು ಶಿಫಾರಸು ಕೇಳಿದ ಹಾಗೆ ಎಂಬ ಸಂಕೋಚ. ಅಲ್ಲಿ ಅರ್ಜಿಗೆ ಮೊದಲು ಫೋನ್ ಮಾಡಿ ಎರಡು ಒಳ್ಳೆಯ ಪ್ರಶ್ನೆ ಕೇಳುವುದು ಆಸಕ್ತಿಯ ಗುರುತು. ಕೆಲಸ ಕೈತಪ್ಪಿದಾಗಲೂ ಫೋನ್ ಮಾಡಿ ಕಾರಣ ಕೇಳಬಹುದು, ಅನೇಕರು ಮನಸ್ಸಿಟ್ಟು ಹೇಳುತ್ತಾರೆ. ನನಗೆ ಒಬ್ಬರು ಹೇಳಿದ್ದು: "ನಿಮ್ಮ ತಂಡ ಏನು ಮಾಡಿತೆಂದು ತಿಳಿಯಿತು, ನೀವು ಏನು ಮಾಡಿದಿರೆಂದು ತಿಳಿಯಲಿಲ್ಲ." ಮುಂದಿನ ಸಂದರ್ಶನಗಳಲ್ಲಿ ನನಗೆ ಅದೇ ದಾರಿ ತೋರಿಸಿತು.

ಕಾಲವನ್ನೂ ನೋಡಿಕೊಂಡು ಹೊರಡಿ. ಡಿಸೆಂಬರ್ ಮಧ್ಯದಿಂದ ಜನವರಿ 26ರ ಆಸ್ಟ್ರೇಲಿಯಾ ದಿನದವರೆಗೆ ಅಲ್ಲಿ ಬೇಸಿಗೆ ರಜೆಯ ಗುಂಗು, ನೇಮಕಾತಿ ಬಹುತೇಕ ನಿಂತಿರುತ್ತದೆ. ಹಣದ ಲೆಕ್ಕವೂ ಬೇಕು: ಅಲ್ಲಿ ಬಾಡಿಗೆಯನ್ನು ಲೆಕ್ಕ ಹಾಕುವುದು ವಾರಕ್ಕಿಷ್ಟು ಎಂದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ. ವಿಕ್ಟೋರಿಯಾದಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಂಡ್, ಅದೂ ಮನೆ ಮಾಲೀಕರ ಬಳಿ ಇರದೆ ಸರ್ಕಾರಿ ಪ್ರಾಧಿಕಾರದಲ್ಲಿ ಇರುತ್ತದೆ. ಆದರೆ ಸಂಬಳದ ಚೀಟಿ ಇಲ್ಲದವರಿಗೆ ಮನೆ ಸಿಗುವುದೇ ಕಷ್ಟ, ಆದ್ದರಿಂದ ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೋಗಿ.

ನಡುವೆ ಗೋದಾಮು, ಅಂಗಡಿ, ಹೋಟೆಲಿನ ಕ್ಯಾಶುಯಲ್ ಕೆಲಸಕ್ಕೆ ಹಿಂಜರಿಯಬೇಡಿ. ಹಕ್ಕನ್ನು ಮಾತ್ರ ತಿಳಿದಿರಿ. 2025ರ ಜುಲೈ 1ರಿಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್ ಆಯಿತು. ಸಂಬಳಸಹಿತ ರಜೆಯಿಲ್ಲದ ಕ್ಯಾಶುಯಲ್‌ಗೆ ಅದರ ಮೇಲೆ ಶೇ. 25 ಹೆಚ್ಚು. ಮೇಲಿಂದ ಶೇ. 12 ಸೂಪರ್ಆನ್ಯುಯೇಷನ್, ನಮ್ಮ ಪಿ.ಎಫ್. ಇದ್ದ ಹಾಗೆ. ಒಂದು ಹೋಟೆಲಿನವರು ಒಂದು ವಾರ 'ಟ್ರಯಲ್' ಎಂದು ಪುಕ್ಕಟೆ ದುಡಿಯಲು ಹೇಳಿದರು. ನಾನು ಒಪ್ಪಲಿಲ್ಲ. ಇಂಥದ್ದಕ್ಕೆ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಯಿದೆ, ಅಲ್ಲಿ ನಮ್ಮ ಭಾಷೆಯವರೇ ಮೋಸ ಮಾಡಿದರೂ ದೂರು ಕೊಡಬಹುದು.

ಮನಸ್ಸನ್ನು ಕಾಯ್ದುಕೊಳ್ಳುವುದೂ ಒಂದು ಕೆಲಸ. ಮೆಲ್ಬರ್ನ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಐದೂವರೆ. ತಿರಸ್ಕಾರದ ಇಮೇಲು ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಬನಶಂಕರಿಯ ಅಮ್ಮನಿಗೆ ಆಗಿನ್ನೂ ಬೆಳಗಿನ ಜಾವದ ನಿದ್ದೆ. ಆ ಹೊತ್ತನ್ನು ಮನೆಯೊಳಗೆ ಒಂಟಿಯಾಗಿ ಕಳೆಯಬಾರದೆಂದು ನಾನು ಲೈಬ್ರರಿ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆ. ಸ್ಥಳೀಯ ಕೌನ್ಸಿಲ್‌ನ ಲೈಬ್ರರಿಗಳಲ್ಲಿ ಓದು ಪುಕ್ಕಟೆ, ಇಂಟರ್ನೆಟ್ಟೂ ಪುಕ್ಕಟೆ. ಎಷ್ಟೋ ಕಡೆ ರೆಸ್ಯೂಮೆ ತಿದ್ದಲೂ ನೆರವು ಸಿಗುತ್ತದೆ.

ಹೊರಡುವ ಮುನ್ನ ಬೆಂಗಳೂರಿನ ಹಳೆಯ ಮ್ಯಾನೇಜರ್‌ಗಳನ್ನು ಕಂಡು ಮಾತಾಡಿ. ರೆಫರಿಯೆಂದು ಅವರಿಗೆ ಅಲ್ಲಿಂದ ಕರೆ ಬರುವುದು ನಮ್ಮ ಬೆಳಗಿನ ಜಾವ ಐದಕ್ಕೂ ಇರಬಹುದೆಂದು ತಿಳಿಸಿ, ಆ ಹೊತ್ತಿನಲ್ಲೂ ಎತ್ತುವವರ ನಂಬರನ್ನೇ ಕೊಡಿ. ಅಲ್ಲಿ ನೆಲೆ ನಿಂತ ಮೇಲೆ ಈಗಷ್ಟೇ ಬಂದ ಒಬ್ಬರಿಗಾದರೂ ನಿಮ್ಮ ಕಣ್ಣೆದುರು ಕೆಲಸ ಮಾಡಲು ಅವಕಾಶ ಮಾಡಿಕೊಡಿ. ಮಾಡಿದ್ದು ಚೆನ್ನಾಗಿದ್ದರೆ ಅವರ ರೆಸ್ಯೂಮೆಯಲ್ಲಿ ನಿಮ್ಮ ಹೆಸರಿರಲಿ.