ಚಳಿಗಾಲದ ದೂರದ ಓಟ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ - ಕಲಬುರಗಿ ಜಿಲ್ಲೆಯ ಈ ಊರುಗಳ ಹೆಸರನ್ನು ಕೇಳಿದೊಡನೆ ಹೊರಗಿನವರ ನೆನಪಿಗೆ ಬರುವುವು ಎರಡು ಸಂಗತಿಗಳು: ಒಂದು ಕಲ್ಲು, ಇನ್ನೊಂದು ಬಿಸಿಲು. ಶಹಾಬಾದಿನ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳಿಗೆ ನೆಲವಾಗಿದೆ. ಈ ಸೀಮೆಯ ಸುಣ್ಣಕಲ್ಲನ್ನು ನಂಬಿಕೊಂಡೇ ವಾಡಿ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಬೆಳೆದಿವೆ. ಇನ್ನು ಬಿಸಿಲಿನ ಮಾತು ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ. ಆ ದಿನಗಳಲ್ಲಿ ಮಧ್ಯಾಹ್ನ ನಾಲ್ಕು ಹೆಜ್ಜೆ ನಡೆಯುವುದೂ ಪ್ರಯಾಸವೆನಿಸುತ್ತದೆ.

ಆದರೆ ಇದೇ ನೆಲಕ್ಕೆ ಇನ್ನೊಂದು ಮುಖವೂ ಉಂಟು. ಡಿಸೆಂಬರ್ ಮತ್ತು ಜನವರಿ ತಿಂಗಳ ಮುಂಜಾವಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ನಿಂತವನಿಗೆ ಅದು ಗೋಚರಿಸುತ್ತದೆ. ನೀರಿನ ಮೇಲೆ ತೆಳುವಾದ ಮಂಜು ಹರಡಿರುತ್ತದೆ. ಕೊಯ್ಲಾದ ತೊಗರಿಯ ಗೂಡುಗಳು ಹೊಲದಲ್ಲಿ ಸಾಲಾಗಿ ನಿಂತಿರುತ್ತವೆ. ಬಿಳಿಜೋಳದ ತೆನೆ ಹಾಲುಗಾಳಾಗುವ ಕಾಲವದು. ಕಂಬಳಿ ಹೊದ್ದ ಹಿರಿಯರು ಬೆಂಕಿಯ ಸುತ್ತ ಕುಳಿತು ಅಂಗೈ ಕಾಯಿಸಿಕೊಳ್ಳುತ್ತಾರೆ. ಮಾತನಾಡಿದರೆ ಬಾಯಿಯಿಂದ ಹೊಗೆಯಂತೆ ಉಸಿರು ಹೊರಡುತ್ತದೆ. ಇಂಥ ಹೊತ್ತಿನಲ್ಲಿ ಮನೆಯ ಮೂಲೆಯಲ್ಲಿ ಮುದುಡಿ ಮಲಗುವುದು ಸುಖವೆಂದು ಹಲವರು ಭಾವಿಸುತ್ತಾರೆ. ಆದರೆ ದೂರ ಓಡಬಯಸುವವನಿಗೆ ಇದಕ್ಕಿಂತ ಒಳ್ಳೆಯ ಋತು ಈ ಸೀಮೆಯಲ್ಲಿ ಬೇರೊಂದಿಲ್ಲ.

ದೂರದ ಓಟವೆಂದೊಡನೆ ಮ್ಯಾರಥಾನ್ ಎಂಬ ಹೆಸರು ನೆನಪಾಗುತ್ತದೆ. ಈ ಹೆಸರು ಗ್ರೀಸ್ ದೇಶದ್ದು. ಕ್ರಿಸ್ತಪೂರ್ವ 490ರಲ್ಲಿ ಮ್ಯಾರಥಾನ್ ಎಂಬ ಬಯಲಿನಲ್ಲಿ ಅಥೆನ್ಸಿನವರಿಗೂ ಪರ್ಷಿಯನರಿಗೂ ಯುದ್ಧ ನಡೆಯಿತು. ಜಯದ ವಾರ್ತೆಯನ್ನು ಹೊತ್ತು ದೂತನೊಬ್ಬನು ಅಥೆನ್ಸಿನವರೆಗೆ ಒಬ್ಬನೇ ಓಡಿದನೆಂದೂ, ವಾರ್ತೆಯನ್ನು ಹೇಳಿದ ಮರುಕ್ಷಣವೇ ಪ್ರಾಣ ಬಿಟ್ಟನೆಂದೂ ಒಂದು ದಂತಕಥೆಯುಂಟು. ಈ ಕಥೆಯನ್ನು ನೆನೆದು 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲನೆಯ ಆಧುನಿಕ ಒಲಿಂಪಿಕ್ಸಿನಲ್ಲಿ ಸುಮಾರು 40 ಕಿಲೋಮೀಟರುಗಳ ಓಟವನ್ನು ಏರ್ಪಡಿಸಿದರು. ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಅದರಲ್ಲಿ ಗೆದ್ದನು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟದ ದೂರ 42.195 ಕಿಲೋಮೀಟರು ಆಗಿತ್ತು. 1921ರಲ್ಲಿ ಇದೇ ದೂರವನ್ನು ಎಲ್ಲೆಡೆಗೂ ನಿಗದಿ ಮಾಡಲಾಯಿತು. ಸ್ತ್ರೀಯರಿಗೆ ಇಷ್ಟು ದೂರ ಓಡುವ ಶಕ್ತಿಯಿಲ್ಲವೆಂಬ ತಪ್ಪು ತಿಳಿವಳಿಕೆ ಬಹುಕಾಲ ಉಳಿದಿತ್ತು. ಒಲಿಂಪಿಕ್ಸಿನಲ್ಲಿ ಅವರ ಮ್ಯಾರಥಾನ್ ಮೊದಲ ಬಾರಿಗೆ ನಡೆದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅಮೆರಿಕದ ಜೋನ್ ಬೆನಾಯ್ಟ್ ಅಲ್ಲಿ ಪ್ರಥಮ ಸ್ಥಾನ ಪಡೆದರು.

ಈ ಓಟದ ಇತಿಹಾಸದಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. 20ನೆಯ ಶತಮಾನದ ಆದಿಯಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಗಳಲ್ಲಿ ರೈತಾಪಿ ಕುಟುಂಬಗಳ ಯುವಕರು ದೂರದ ಓಟಗಳಲ್ಲಿ ಬರಿಗಾಲಿನಲ್ಲಿಯೇ ಓಡುತ್ತಿದ್ದರು. ಅವರ ಓಟವನ್ನು ಕಂಡ ಉದ್ಯಮಿ ದೊರಾಬ್ಜಿ ಟಾಟಾ ಬೆರಗಾದರು. ತಕ್ಕ ಶಿಕ್ಷಣವಿಲ್ಲದಿದ್ದರೂ ಇವರ ವೇಗ ಯೂರೋಪಿನ ಓಟಗಾರರ ವೇಗಕ್ಕೆ ಹತ್ತಿರವಾಗಿದೆಯೆಂಬುದು ಅವರ ಗಮನಕ್ಕೆ ಬಂತು. ಅವರ ಪ್ರಯತ್ನದಿಂದ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ಚಿಕ್ಕದೊಂದು ತಂಡ ಹೊರಟಿತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು.

ಆಂಟ್ವರ್ಪಿನ ಮ್ಯಾರಥಾನಿನ ದಾರಿ ಇಂದಿನ ದೂರಕ್ಕಿಂತಲೂ ಹೆಚ್ಚಿನದು; 42.75 ಕಿಲೋಮೀಟರು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಮೊದಲಿಗನಾದನು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಲೆಕ್ಕ ಹಾಕಿದರೆ ಅವರು ಪ್ರತಿ ಕಿಲೋಮೀಟರನ್ನೂ ಸುಮಾರು 4 ನಿಮಿಷಗಳಲ್ಲಿ ಕ್ರಮಿಸಿದಂತಾಗುತ್ತದೆ. ಅಂಥ ಒಂದು ಕಿಲೋಮೀಟರನ್ನು ಓಡುವುದೇ ಶಾಲೆಯ ಬಾಲಕನಿಗೆ ಕಷ್ಟ. ಅವರಾದರೋ ಒಂದರ ಮೇಲೊಂದರಂತೆ ನಲವತ್ತೆರಡಕ್ಕೂ ಮಿಕ್ಕಿ ಓಡಿದರು. ಪದಕ ದೊರೆಯದಿದ್ದರೂ ಪರನಾಡಿನ ಅಪರಿಚಿತ ದಾರಿಯಲ್ಲಿ ಕೊನೆಯವರೆಗೂ ನಿಂತ ಅವರ ಸ್ಥೈರ್ಯ ಸಾಮಾನ್ಯವಾದುದಲ್ಲ.

ಇಷ್ಟು ದೂರದ ಓಟಕ್ಕೂ ಚಳಿಗೂ ಇರುವ ಸಂಬಂಧವೇನು? ಇದನ್ನು ತಿಳಿಯಬೇಕಾದರೆ ದೇಹವು ಕೆಲಸ ಮಾಡುವ ಬಗೆಯನ್ನು ಅರಿಯಬೇಕು. ನಾವು ಉಂಡ ಆಹಾರದಿಂದ ಸ್ನಾಯುಗಳಿಗೆ ಶಕ್ತಿ ದೊರೆಯುತ್ತದೆ. ಆ ಶಕ್ತಿಯಲ್ಲಿ ಹೆಚ್ಚು ಕಡಿಮೆ ನಾಲ್ಕನೆಯ ಒಂದು ಪಾಲು ಮಾತ್ರ ಓಟದ ಕೆಲಸಕ್ಕೆ ಒದಗುತ್ತದೆ. ಉಳಿದದ್ದೆಲ್ಲ ಶಾಖವಾಗಿ ಪರಿಣಮಿಸುತ್ತದೆ. ಈ ಶಾಖವನ್ನು ಹೊರಹಾಕದಿದ್ದರೆ ದೇಹಕ್ಕೆ ಅಪಾಯ. ಆದ್ದರಿಂದ ರಕ್ತವು ಶಾಖವನ್ನು ಚರ್ಮದ ಬಳಿಗೆ ಹೊತ್ತು ತರುತ್ತದೆ. ಬೆವರು ಆರುವಾಗ ಅದನ್ನು ಒಯ್ಯುತ್ತದೆ. ಬೇಸಗೆಯಲ್ಲಿ ಒಂದೇ ಹೃದಯವು ಸ್ನಾಯುಗಳಿಗೂ ಚರ್ಮಕ್ಕೂ ಒಟ್ಟಿಗೆ ಹೇರಳವಾಗಿ ರಕ್ತವನ್ನು ಒದಗಿಸಬೇಕಾಗುತ್ತದೆ. ಜೊತೆಗೆ ದೇಹದ ನೀರೂ ಉಪ್ಪೂ ಸೋರಿಹೋಗುತ್ತವೆ. ಓಟಗಾರನು ಬೇಗ ಸೋಲುವುದು ಇದರಿಂದಲೇ. ಚಳಿಯ ಗಾಳಿಯಾದರೋ ಶಾಖವನ್ನು ಸುಲಭವಾಗಿ ಒಯ್ಯುತ್ತದೆ. ಹೃದಯದ ಹೊರೆ ಹಗುರವಾಗುತ್ತದೆ.

ಹಾಗೆಂದು ಚಳಿಯನ್ನು ಪೂರ್ತಿಯಾಗಿ ನಂಬುವಂತಿಲ್ಲ. ಅದು ಓಡುವವನಿಗೆ ಮಿತ್ರ; ನಿಂತವನಿಗೆ ಶತ್ರು. ಓಡುತ್ತಿರುವಾಗ ಹಿತವೆನಿಸಿದ ಗಾಳಿಯೇ, ನಿಂತೊಡನೆ, ಬೆವರಿನಿಂದ ತೊಯ್ದ ಬಟ್ಟೆಯ ಮೂಲಕ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಆಗ ನಡುಕ ಹುಟ್ಟುತ್ತದೆ. ಆದ್ದರಿಂದ ಓಟ ಮುಗಿದ ಕೂಡಲೆ ಒಣ ಬಟ್ಟೆ ತೊಡಬೇಕು. ತಣ್ಣಗಿರುವ ಸ್ನಾಯುಗಳು ಬಿಗಿಯಾಗಿರುತ್ತವೆ. ಅವುಗಳನ್ನು ಹತ್ತು ನಿಮಿಷದ ನಡಿಗೆಯಿಂದಲೂ ಮೆಲ್ಲನೆಯ ಓಟದಿಂದಲೂ ಮೊದಲು ಎಚ್ಚರಿಸಬೇಕು. ಚಳಿಯಲ್ಲಿ ಬಾಯಾರಿಕೆ ಕಡಿಮೆ. ಆದರೆ ಬೆವರಿನಲ್ಲೂ ಉಸಿರಿನಲ್ಲೂ ನೀರು ಹೋಗುತ್ತಲೇ ಇರುತ್ತದೆ. ಬಾಯಾರಿಕೆಯಿಲ್ಲವೆಂದು ನೀರನ್ನು ಮರೆಯಬಾರದು.

ಈ ಸೀಮೆಯಲ್ಲಿ ಓಡುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಂಪಾಗಿ, ಭಾರವಾಗಿ, ಕೆಳಗೇ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಹೀಗಾದಾಗ ಹೊಗೆಯೂ ಕಲ್ಲಿನ ಧೂಳೂ ಮೇಲಕ್ಕೇರದೆ ಮನುಷ್ಯನ ಎತ್ತರದಲ್ಲಿಯೇ ಸುಳಿದಾಡುತ್ತವೆ. ಸೂರ್ಯನು ಮೇಲೇರಿ ನೆಲ ಕಾದ ಮೇಲೆ ಈ ಮುಚ್ಚಳ ಕದಲುತ್ತದೆ. ಆದ್ದರಿಂದ ಕಲ್ಲುಗಣಿ, ಕಾರ್ಖಾನೆ, ಲಾರಿಗಳ ದಾರಿಯನ್ನು ಬಿಟ್ಟು ಹೊಲಗಳ ನಡುವಿನ ಹಳ್ಳಿಯ ದಾರಿಯನ್ನು ಆರಿಸಿಕೊಳ್ಳುವುದು ಲೇಸು. ಕತ್ತಲೆಯಲ್ಲಿ ಹೊರಡದೆ ಬೆಳಕು ಹರಿದ ಮೇಲೆ ಹೊರಡುವುದು ಇನ್ನೂ ಲೇಸು.

ಒಂಬತ್ತನೆಯ ತರಗತಿಯ ವಯಸ್ಸಿನವರು ಪೂರ್ಣ ಮ್ಯಾರಥಾನನ್ನು ಓಡಲು ಹವಣಿಸಬಾರದು. ದೊಡ್ಡ ಮ್ಯಾರಥಾನುಗಳಲ್ಲಿ ಸಾಮಾನ್ಯವಾಗಿ 18 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಬೆಳೆಯುವ ಮೂಳೆಗಳಿಗೆ ಅತಿಯಾದ ದೂರ ಹಾನಿಕರವಾಗಬಹುದು. ಆದರೆ ಕ್ರಮವಾಗಿ ಅಭ್ಯಾಸ ಮಾಡಿದವರಿಗೆ ಚಿಕ್ಕದೊಂದು ದೂರದ ಓಟ ಅಸಾಧ್ಯವಲ್ಲ. ಸೇಡಂನಿಂದ ಚಿಂಚೋಳಿಯವರೆಗಿನ ದಾರಿ ಹೆಚ್ಚು ಕಡಿಮೆ ಒಂದು ಮ್ಯಾರಥಾನಿನಷ್ಟು ಉದ್ದವಾದುದು. ಅದು ದೊಡ್ಡವರ ಪಾಲಿಗಿರಲಿ. ಎಳೆಯರಿಗೆ ಊರಿನಿಂದ ಪಕ್ಕದ ಊರಿಗೆ ಹೋಗಿ ಬರುವ ದಾರಿಯೇ ಸಾಕು.

ಒಂದು ಉದಾಹರಣೆಯಿಂದ ಈ ವಿಷಯ ಇನ್ನಷ್ಟು ಸ್ಪಷ್ಟವಾದೀತು. ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ ಐವರು ಗೆಳೆಯರಿದ್ದರೆಂದು ಭಾವಿಸಬಹುದು. ಎರಡು ತಿಂಗಳು ಅಭ್ಯಾಸ ಮಾಡಿ, ಜನವರಿಯ ಒಂದು ಭಾನುವಾರ, ಐದು ಕಿಲೋಮೀಟರು ಹೋಗಿ ಐದು ಕಿಲೋಮೀಟರು ಹಿಂತಿರುಗುವ ಓಟವನ್ನು ಅವರು ಹೂಡಿದರು. ತಮ್ಮೊಳಗೇ ಅದನ್ನು ‘ಸಣ್ಣ ಮ್ಯಾರಥಾನ್’ ಎಂದು ಕರೆದರು. ಅವರಲ್ಲೊಬ್ಬನು ಎಲ್ಲರಿಗಿಂತ ವೇಗಶಾಲಿ. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಬೇಕೆಂಬುದು ಅವನ ಬಹುದಿನಗಳ ಆಸೆ. ಇನ್ನೊಬ್ಬನು ಎಲ್ಲರಿಗಿಂತ ನಿಧಾನಿ. ಹಿಂದಿನ ರಾತ್ರಿ ಸರಿಯಾಗಿ ಉಂಡಿರಲಿಲ್ಲ, ಹೇಳಿಕೊಳ್ಳಲು ಸಂಕೋಚ.

ಹೊರಟಾಗ ಐವರೂ ಒಟ್ಟಿಗಿದ್ದರು. ಐದನೆಯ ಕಿಲೋಮೀಟರಿನಲ್ಲಿ ನಾಲ್ವರಾದರು. ಏಳನೆಯದರ ಬಳಿ ಮುಂದಿದ್ದವನು ಹಿಂತಿರುಗಿ ನೋಡಿದಾಗ ಸೇತುವೆಯ ಕಟ್ಟೆಯ ಮೇಲೆ ಒಬ್ಬನು ಕುಳಿತಿರುವುದು ದೂರದಲ್ಲಿ ಕಾಣಿಸಿತು. ಗಂಟೆಯೊಳಗೆ ಮುಟ್ಟಲು ಅವನಿಗೆ ಇನ್ನೂ ಸಮಯವಿತ್ತು. ‘ಕುಳಿತವನು ಸುಧಾರಿಸಿಕೊಂಡು ಬಂದಾನು’ ಎಂದುಕೊಂಡು ಅವನು ಮುಂದೆ ಓಡಬಹುದಾಗಿತ್ತು. ನಾಲ್ಕಾರು ಹೆಜ್ಜೆ ಓಡಿಯೂ ಓಡಿದನು. ಆಮೇಲೆ ನಿಂತನು, ತಿರುಗಿದನು.

ಸೇತುವೆಯ ಮೇಲೆ ಹೊಳೆಯ ಗಾಳಿ ಬೀಸುತ್ತಿತ್ತು. ಕುಳಿತವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮೀನಖಂಡ ಹಿಡಿದುಕೊಂಡಿತ್ತು, ಹಲ್ಲು ಕಟಕಟನೆ ಬಡಿಯುತ್ತಿದ್ದುವು. ‘ನೀವು ಹೋಗಿರಿ’ ಎನ್ನುವುದಕ್ಕೂ ಅವನ ತುಟಿ ತೊದಲುತ್ತಿತ್ತು. ಇನ್ನು ಅರ್ಧ ಗಂಟೆ ಅಲ್ಲಿ ಒಬ್ಬನೇ ಉಳಿದಿದ್ದರೆ ಅವನ ಗತಿ ಏನಾಗುತ್ತಿತ್ತೋ! ಗೆಳೆಯರು ಒದ್ದೆ ಅಂಗಿ ತೆಗೆಸಿ, ಒಬ್ಬನು ಸೊಂಟಕ್ಕೆ ಸುತ್ತಿಕೊಂಡು ಬಂದಿದ್ದ ಒಣ ಅಂಗಿಯನ್ನು ತೊಡಿಸಿದರು. ಕಾಲನ್ನು ಮೆಲ್ಲಗೆ ನೀಡಿ ಸಡಿಲಗೊಳಿಸಿದರು. ಪಕ್ಕದ ಹೊಲದಲ್ಲಿ ತೊಗರಿ ಕಾಯುತ್ತಿದ್ದ ರೈತನೊಬ್ಬನು ಕರೆದು ಬೆಂಕಿಯ ಬಳಿ ಕೂಡಿಸಿ, ಬೆಲ್ಲದ ತುಂಡನ್ನೂ ನೀರನ್ನೂ ಕೊಟ್ಟನು. ನಡುಕ ನಿಂತ ಮೇಲೆ ಐವರೂ ನಡೆದುಕೊಂಡು ಊರು ಸೇರಿದರು. ಗಡಿಯಾರ ಎರಡು ಗಂಟೆಯನ್ನು ದಾಟಿತ್ತು. ಆ ದಿನದ ಓಟದಲ್ಲಿ ಗೆದ್ದವರಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮುಂದಿನ ವಾರದಿಂದ ಅವರು ಒಂದು ನಿಯಮ ಮಾಡಿಕೊಂಡರು: ಒಟ್ಟಿಗೆ ಓಡುವ ದಿನ ಎಲ್ಲರಿಗಿಂತ ನಿಧಾನಿಯಾದವನ ವೇಗವೇ ಎಲ್ಲರ ವೇಗ; ವೇಗಶಾಲಿಗೆ ಬೇರೆ ದಿನ.

ಈ ನಿಯಮ ದುರ್ಬಲನಿಗೆ ಮಾತ್ರ ಅನುಕೂಲವೆಂದು ತಿಳಿಯಬಾರದು. ದೂರದ ಓಟದಲ್ಲಿ ಬಹುಮಂದಿ ಸೋಲುವುದು ಆರಂಭದ ಅವಸರದಿಂದ. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಇಂಧನ ಮಿತವಾದುದು. ವೇಗ ಹೆಚ್ಚಿದಷ್ಟೂ ಅದು ಬೇಗ ತೀರುತ್ತದೆ. ಮ್ಯಾರಥಾನ್ ಓಡುವವರಲ್ಲಿ ಅನೇಕರು ಸುಮಾರು 30 ಕಿಲೋಮೀಟರಿನ ಬಳಿ ಗೋಡೆಗೆ ಡಿಕ್ಕಿ ಹೊಡೆದಂತೆ ನಿಂತುಬಿಡುವುದು ಇದರಿಂದಲೇ. ಜೊತೆಗಾರನೊಡನೆ ಮಾತನಾಡುತ್ತ ಓಡಬಲ್ಲಷ್ಟು ವೇಗವೇ ಅಭ್ಯಾಸಕ್ಕೆ ಯೋಗ್ಯವಾದ ವೇಗ. ಮಾತು ಕಡಿದುಹೋದರೆ ವೇಗ ಮಿತಿಮೀರಿದೆಯೆಂದು ಅರ್ಥ. ಹೀಗೆ ಗೆಳೆಯನು ಓಟಗಾರನಿಗೆ ಅಳತೆಗೋಲೂ ಆಗುತ್ತಾನೆ.

ಜಗತ್ತಿನ ಅತಿ ಶ್ರೇಷ್ಠ ಓಟಗಾರರಿಗೂ ಈ ಮಾತು ಸಲ್ಲುತ್ತದೆ. ಕೀನ್ಯಾ ದೇಶದ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಮ್ಯಾರಥಾನಿನ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಎರಡು ಗಂಟೆಯೊಳಗೆ ಆ ದೂರವನ್ನು ಕ್ರಮಿಸಿದ ಮೊದಲ ಮನುಷ್ಯ ಅವರು. ಅದಕ್ಕಾಗಿ ಆರಿಸಿಕೊಂಡದ್ದು ತಂಪಾದ ಮುಂಜಾವನ್ನೇ. ಆದರೆ ಅವರು ಒಬ್ಬರೇ ಓಡಲಿಲ್ಲ. 41 ಮಂದಿ ಓಟಗಾರರು ಸರದಿಯಂತೆ ಅವರನ್ನು ಸುತ್ತುವರಿದು, ಗಾಳಿಗೆ ಎದೆಯೊಡ್ಡಿ, ವೇಗವನ್ನು ಕಾಯ್ದುಕೊಟ್ಟರು. ಇಂಥ ಏರ್ಪಾಟು ಸ್ಪರ್ಧೆಯ ನಿಯಮಗಳಿಗೆ ಹೊರತಾದ್ದರಿಂದ ಆ ಓಟವನ್ನು ಅಧಿಕೃತ ದಾಖಲೆಯೆಂದು ಪರಿಗಣಿಸಲಿಲ್ಲ. ಆದರೂ ಕೊನೆಯಲ್ಲಿ ಆ ಜೊತೆಗಾರರು ಹಿಂದೆ ಸರಿದು, ಗುರಿಯನ್ನು ಒಬ್ಬರೇ ಮುಟ್ಟುವಂತೆ ಅವರಿಗೆ ದಾರಿ ಬಿಟ್ಟುಕೊಟ್ಟ ದೃಶ್ಯ ಮರೆಯುವಂಥದಲ್ಲ.

ಮ್ಯಾರಥಾನಿನ ದಂತಕಥೆಯ ದೂತನು ಒಬ್ಬನೇ ಓಡಿದನು. ಅವನು ಕುಸಿದಾಗ ಕೈಹಿಡಿಯಲು ಜೊತೆಗಾರನಿರಲಿಲ್ಲ. ಆ ಕಥೆಯಿಂದ ಧೈರ್ಯವನ್ನು ಕಲಿಯಬಹುದು. ಆದರೆ ಹಿಂತಿರುಗಿ ನೋಡುವುದನ್ನು ಗೆಳೆಯರಿಂದಲೇ ಕಲಿಯಬೇಕು. ಮುಂದೆ ಓಡುವ ಶಕ್ತಿಯಿದ್ದೂ ಹಿಂದುಳಿದವನಿಗಾಗಿ ತಿರುಗುವುದು ಸೋಲಲ್ಲ. ಅದಕ್ಕೆ ಓಟಕ್ಕಿಂತ ಹೆಚ್ಚಿನ ಬಲ ಬೇಕು. ಚಳಿಗಾಲ ಪ್ರತಿವರ್ಷವೂ ಬರುತ್ತದೆ. ಗಂಟೆಯೊಳಗೆ ಓಡುವ ಅವಕಾಶ ಮತ್ತೆ ದೊರೆಯುತ್ತದೆ. ಸೇತುವೆಯ ಮೇಲೆ ನಡುಗುತ್ತ ಕುಳಿತ ಗೆಳೆಯನು ಮಾತ್ರ ಆ ಗಳಿಗೆಯಲ್ಲಿಯೇ ಕಾಯುತ್ತಿರುತ್ತಾನೆ.