ಟ್ರಿಮ್: ಅಳಿಸಿದುದನ್ನು ತಿಳಿಸುವ ಆಜ್ಞೆ

ಗಣಕಯಂತ್ರದಲ್ಲಿ ಒಂದು ಕಡತವನ್ನು ಅಳಿಸಿದೆವೆಂದು ನಾವು ಹೇಳುತ್ತೇವೆ. ನಿಜವಾಗಿ ಅಳಿದುದೇನು? ಆಪರೇಟಿಂಗ್ ಸಿಸ್ಟಂ ತನ್ನ ಪಟ್ಟಿಯಲ್ಲಿ ಆ ಸ್ಥಳವನ್ನು 'ಖಾಲಿ' ಎಂದು ಗುರುತಿಸಿಕೊಳ್ಳುತ್ತದೆ, ಅಷ್ಟೆ. ಬರಹವು ಇದ್ದಲ್ಲಿಯೇ ಇರುತ್ತದೆ. ಹಾರ್ಡ್ ಡಿಸ್ಕಿನ ಕಾಂತೀಯ ತಟ್ಟೆಗೆ ಇದರಿಂದ ಬಾಧಕವಿಲ್ಲ. ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯಬಹುದು. ಎಸ್‌ಎಸ್‌ಡಿ ಎಂಬ ಘನಸ್ಥಿತಿ ಸಂಗ್ರಾಹಕದ ಸಂಗತಿ ಬೇರೆ.

ಎಸ್‌ಎಸ್‌ಡಿಯಲ್ಲಿ ಮಾಹಿತಿಯು ಫ್ಲ್ಯಾಷ್ ಸ್ಮೃತಿಕೋಶಗಳಲ್ಲಿ ವಿದ್ಯುದಾವೇಶದ ರೂಪದಲ್ಲಿರುತ್ತದೆ. ಕೋಶಗಳು ಸೇರಿ 'ಪುಟ', ಪುಟಗಳು ಸೇರಿ 'ಬ್ಲಾಕ್'. ಪುಟವೊಂದರ ಅಳತೆ ಸಾಮಾನ್ಯವಾಗಿ 4ರಿಂದ 16 ಕಿಲೋಬೈಟ್. ಒಂದು ಬ್ಲಾಕಿನಲ್ಲಿ ಇಂಥ ನೂರಾರು ಪುಟಗಳಿರುತ್ತವೆ. ಬರೆಯುವುದು ಪುಟಪುಟವಾಗಿ; ಅಳಿಸುವುದು ಮಾತ್ರ ಇಡೀ ಬ್ಲಾಕನ್ನು ಒಮ್ಮೆಗೇ. ಸಾಲುಸಾಲಾಗಿ ಬರೆಯಬಹುದಾದ, ಆದರೆ ಒರೆಸುವಾಗ ಪೂರ್ತಿಯಾಗಿ ಒರೆಸಲೇಬೇಕಾದ ಪಾಟಿಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಅದರಲ್ಲಿ ಬೇಕಾದ ಸಾಲುಗಳಿದ್ದರೆ ಮೊದಲು ಅವನ್ನು ಬೇರೊಂದು ಪಾಟಿಗೆ ನಕಲು ಮಾಡಿ ಅನಂತರ ಒರೆಸಬೇಕು.

ತೊಡಕು ಇಲ್ಲಿಯೇ. ಯಾವ ಸಾಲು ಬೇಕು, ಯಾವುದು ಬೇಡ ಎಂಬುದು ಆಪರೇಟಿಂಗ್ ಸಿಸ್ಟಮಿಗೆ ಗೊತ್ತು; ಎಸ್‌ಎಸ್‌ಡಿಗೆ ಗೊತ್ತಿಲ್ಲ. ಆದುದರಿಂದ ಅದು ಸತ್ತ ಮಾಹಿತಿಯನ್ನೂ ಜೋಪಾನವಾಗಿ ನಕಲು ಮಾಡುತ್ತ ಹೋಗುತ್ತದೆ. ಬರಹದ ವೇಗ ಕುಗ್ಗುತ್ತದೆ. ಪ್ರತಿಯೊಂದು ಬ್ಲಾಕೂ ಅಳಿಸುವಿಕೆಯನ್ನು ಸೀಮಿತ ಸಲ ಮಾತ್ರ ತಾಳಬಲ್ಲುದಾದುದರಿಂದ ಆಯುಸ್ಸೂ ಸವೆಯುತ್ತದೆ. ಹಗಲಿರುಳೂ ಬರೆದು ಅಳಿಸುತ್ತಿರುವ ಸರ್ವರುಗಳಲ್ಲಿ ಇದು ಸಣ್ಣ ನಷ್ಟವಲ್ಲ.

'ಇಂತಿಂಥ ಸ್ಥಳಗಳ ಮಾಹಿತಿ ಇನ್ನು ಬೇಡ' ಎಂದು ಎಸ್‌ಎಸ್‌ಡಿಗೆ ತಿಳಿಸುವ ಆಜ್ಞೆಯೇ ಟ್ರಿಮ್. ಅದನ್ನು ಕಳುಹಿಸುವ ಹೊಣೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲಿನದು. ವಿಂಡೋಸ್ ಸರ್ವರ್ 2008 ಆರ್2 ಈ ಸೌಕರ್ಯದೊಡನೆ 2009ರಲ್ಲಿ ಹೊರಬಂದಿತು. ಲಿನಕ್ಸ್ ಕರ್ನೆಲಿನ 2.6.33ನೆಯ ಆವೃತ್ತಿ 2010ರಲ್ಲಿ ಬಂದಿತು. ಕಡತ ಅಳಿದೊಡನೆ ಆಜ್ಞೆ ಕಳುಹಿಸುವುದು ಒಂದು ಕ್ರಮ. ಆದರೆ ಮೊದಲಿನ ಸಾಟಾ ಸಂಗ್ರಾಹಕಗಳಲ್ಲಿ ಟ್ರಿಮ್ ನಡೆಯಬೇಕಾದರೆ ಸರದಿಯಲ್ಲಿದ್ದ ಉಳಿದ ಕೆಲಸಗಳು ಮುಗಿಯಬೇಕಾಗಿತ್ತು, ಸರ್ವರು ತಡವರಿಸುತ್ತಿತ್ತು. ಆದುದರಿಂದ ವಾರಕ್ಕೊಮ್ಮೆ 'ಎಫ್‌ಎಸ್‌ಟ್ರಿಮ್' ಎಂಬ ಉಪಕರಣದ ಮೂಲಕ ಎಲ್ಲವನ್ನೂ ಒಟ್ಟಾಗಿ ತಿಳಿಸುವುದು ಲಿನಕ್ಸಿನಲ್ಲಿ ವಾಡಿಕೆಯಾಯಿತು.

ತಿಳಿಸದಿದ್ದರೆ ವೇಗಕ್ಕೆ ಹಾನಿ. ತಪ್ಪಾಗಿ ತಿಳಿಸಿದರೆ ಮಾಹಿತಿಗೇ ಹಾನಿ. 2015ರಲ್ಲಿ ಸಂಸ್ಥೆಯೊಂದರ ಲಿನಕ್ಸ್ ಸರ್ವರುಗಳಲ್ಲಿ ಕೆಲವು ಕಡತಗಳ ಭಾಗಗಳು ಬರಿಯ ಸೊನ್ನೆಗಳಾಗಿದ್ದುವು. ಮೊದಲು ಅನುಮಾನ ಬಿದ್ದುದು ಎಸ್‌ಎಸ್‌ಡಿಗಳ ಮೇಲೆ. ಅವುಗಳ ತಯಾರಕರ ಇಂಜಿನಿಯರುಗಳು ಶೋಧಿಸಿದಾಗ ದೋಷವು ಕರ್ನೆಲಿನಲ್ಲಿ ಕಂಡುಬಂದಿತು. ಹಲವು ಸಂಗ್ರಾಹಕಗಳನ್ನು ಒಂದಾಗಿ ಜೋಡಿಸುವ ರೇಯ್ಡ್ ವ್ಯವಸ್ಥೆಗಾಗಿ ಕರ್ನೆಲ್ ಒಂದು ಟ್ರಿಮ್ ಆಜ್ಞೆಯನ್ನು ತುಂಡುಗಳಾಗಿ ಒಡೆಯುತ್ತಿತ್ತು. ಆಗ ತುಂಡುಗಳ ವಿವರಗಳು ಒಂದರೊಡನೊಂದು ಬೆರೆತು, ಬೇಕಾದ ಮಾಹಿತಿಯೇ 'ಬೇಡ'ವಾಗಿ ಅಳಿದುಹೋಗಿತ್ತು. ಕರ್ನೆಲನ್ನು ಅದೇ ವರ್ಷ ತಿದ್ದಲಾಯಿತು.

ಟ್ರಿಮ್ ಆದ ಮಾಹಿತಿಯನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಬರೆಯುವುದಕ್ಕೆ ಎಷ್ಟು ಎಚ್ಚರ ಬೇಕೋ, ಬೇಡವೆನ್ನುವುದಕ್ಕೂ ಅಷ್ಟೇ ಎಚ್ಚರ ಬೇಕು. ಪ್ರತಿಯೊಂದನ್ನು ಬೇರೆಡೆ ಇರಿಸಿದವನೇ ನಿಶ್ಚಿಂತ.